ಸಹಾಯ ಬೇಕು: ಸೀರಮ್ ಬಿಟ್ಟ ಕೂಡಲೇ ಎಸ್‌ಪಿಆರ್ ಸೆನ್ಸರ್‌ನ ರೆಫರೆನ್ಸ್ ಚಾನೆಲ್ ಕೂಡ ಏರುತ್ತಿದೆ

ಎಲ್ಲರಿಗೂ ನಮಸ್ಕಾರ. ರಕ್ತದ ಸೀರಮ್‌ನಲ್ಲಿ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ) ಸಿಆರ್‌ಪಿ (ಉರಿಯೂತವಿದ್ದಾಗ ಏರುವ ಪ್ರೋಟೀನ್) ಅಳೆಯುವ ಎಸ್‌ಪಿಆರ್ ಸೆನ್ಸರ್ ಮಾಡುತ್ತಿದ್ದೇನೆ. ಚಿನ್ನದ ಮೇಲೆ ಏನಾದರೂ ಅಂಟಿದರೆ ಅಲ್ಲಿ ಬೆಳಕು ಪ್ರತಿಫಲಿಸುವ ರೀತಿ ಬದಲಾಗುತ್ತದೆ, ಎಸ್‌ಪಿಆರ್ ಅಳೆಯುವುದು ಅದನ್ನೇ. ಈಗ ಮುಂದೆ ದಾರಿ ಕಾಣುತ್ತಿಲ್ಲ.

ಗಾಜಿನ ಪ್ರಿಸಂ, ಮೇಲೆ 50 ನ್ಯಾನೋಮೀಟರ್ ಚಿನ್ನದ ಪದರ, 633 ನ್ಯಾನೋಮೀಟರ್ ಕೆಂಪು ಲೇಸರ್. ಚಿನ್ನದ ಮೇಲೆ ಥಯಾಲ್ (ಚಿನ್ನಕ್ಕೆ ಅಂಟುವ, ಗಂಧಕವಿರುವ ಅಣು) ಪದರ ಕಟ್ಟಿ, ಇಡಿಸಿ-ಎನ್‌ಎಚ್‌ಎಸ್ (ಪ್ರೋಟೀನನ್ನು ಪದರಕ್ಕೆ ಜೋಡಿಸುವ ರಾಸಾಯನಿಕಗಳು) ಬಳಸಿ ಸಿಆರ್‌ಪಿ ಹಿಡಿಯುವ ಆಂಟಿಬಾಡಿ ಕೂರಿಸಿದ್ದೇನೆ. ಹೋಲಿಕೆಗೆ ಇಟ್ಟ ರೆಫರೆನ್ಸ್ ಚಾನೆಲ್‌ನಲ್ಲಿ ಬರೀ ಬಿಎಸ್‌ಎ (ಹಸುವಿನ ರಕ್ತದ ಆಲ್ಬುಮಿನ್ ಪ್ರೋಟೀನ್).

ಬಫರ್‌ನಲ್ಲಿ (ಪಿಎಚ್ ಸ್ಥಿರವಾಗಿಡುವ ದ್ರಾವಣ) ಸಿಆರ್‌ಪಿ ಬೆರೆಸಿ ಬಿಟ್ಟರೆ ಗ್ರಾಫ್ ನೋಡಲು ಖುಷಿಯಾಗುತ್ತದೆ. ಮೆಲ್ಲಗೆ ಏರಿ ಮಟ್ಟಸವಾಗಿ ನಿಲ್ಲುತ್ತದೆ, ರೆಫರೆನ್ಸ್ ಅಲ್ಲಾಡುವುದಿಲ್ಲ. ಸೀರಮ್ ಬಿಟ್ಟರೆ ಎರಡೂ ದಿಢೀರನೆ ಜಿಗಿಯುತ್ತವೆ. ಸೀರಮ್‌ನ ವಕ್ರೀಭವನ ಸೂಚ್ಯಂಕ (ಬೆಳಕನ್ನು ಬಾಗಿಸುವ ಪ್ರಮಾಣ) ಬಫರ್‌ಗಿಂತ ಜಾಸ್ತಿ, ಹಾಗಾಗಿ ಆ ಜಿಗಿತ ಸರಿ. ತಲೆನೋವು ಆಮೇಲಿನದು. ಬಫರ್ ಹರಿಸಿ ತೊಳೆದರೂ ಗೆರೆ ಮೊದಲಿನ ಜಾಗಕ್ಕೆ ಇಳಿಯುವುದಿಲ್ಲ. ಸೀರಮ್‌ನಲ್ಲಿ ಲೀಟರ್‌ಗೆ 60ರಿಂದ 80 ಗ್ರಾಂ ಪ್ರೋಟೀನ್, ನನಗೆ ಬೇಕಾದ ಸಿಆರ್‌ಪಿ ಕೆಲವೇ ಮಿಲಿಗ್ರಾಂ. ಉಳಿದದ್ದೆಲ್ಲ ಬಂದು ಅಂಟಿಕೊಂಡರೆ ಇದು ಎಲ್ಲಿ ಕಾಣಬೇಕು?

ಪದರದಲ್ಲಿ ಖಾಲಿ ಉಳಿದ ಅಂಟುವ ಜಾಗಗಳನ್ನು ಎಥನಾಲಮೈನ್‌ನಿಂದ ಬ್ಲಾಕ್ ಮಾಡಿದೆ. ಬಫರ್‌ಗೆ 0.05% ಟ್ವೀನ್-20 (ಸೌಮ್ಯ ಮಾರ್ಜಕ) ಸೇರಿಸಿದೆ. ಸೀರಮ್ಮನ್ನು ಹತ್ತು ಪಟ್ಟು ತೆಳು ಮಾಡಿದೆ. ಅಂಟುವುದು ಕಡಿಮೆಯಾಯಿತು, ಜೊತೆಗೆ ಸಿಆರ್‌ಪಿ ಸಿಗ್ನಲ್ಲೂ ಇಳಿಯಿತು.

ಒಂದು ಚಾನೆಲ್‌ನಿಂದ ಇನ್ನೊಂದನ್ನು ಕಳೆದರೆ ಸರಿಹೋಗಬೇಕು ಅಲ್ವಾ? ಆದರೆ ಆಂಟಿಬಾಡಿ ಮೇಲೆ ಅಂಟುವಷ್ಟೇ ಬಿಎಸ್‌ಎ ಮೇಲೂ ಅಂಟುತ್ತದೆ ಅಂತ ಹೇಗೆ ನಂಬುವುದು? ಸಿಆರ್‌ಪಿ ತೆಗೆದ ಸೀರಮ್ ಬಿಟ್ಟಾಗಲೂ ಕಳೆದ ಮೇಲೆ ಸೊನ್ನೆ ಬರುತ್ತಿಲ್ಲ. ನನ್ನ ಗೊಂದಲ ಇರುವುದು ಇಲ್ಲೇ.

ರೆಫರೆನ್ಸ್‌ನಲ್ಲಿ ಬಿಎಸ್‌ಎ ಬದಲು ಅದೇ ಪ್ರಾಣಿಯ, ಸಿಆರ್‌ಪಿಗೆ ಸಂಬಂಧವಿಲ್ಲದ ಆಂಟಿಬಾಡಿ ಕೂರಿಸಿದರೆ ಸಾಕಾ? ಇಲ್ಲ, ಈ ಥಯಾಲ್ ಪದರವನ್ನೇ ಬಿಟ್ಟು ಪ್ರೋಟೀನ್ ಸುಲಭವಾಗಿ ಅಂಟದ ಪೆಗ್ (ಪಾಲಿಎಥಿಲೀನ್ ಗ್ಲೈಕಾಲ್) ಅಥವಾ ಡೆಕ್ಸ್‌ಟ್ರಾನ್ (ಸಕ್ಕರೆ ಅಣುಗಳ ಉದ್ದ ಸರಪಳಿ) ಪದರಕ್ಕೆ ಹೋಗಲೇಬೇಕಾ? ಸೀರಮ್‌ನಲ್ಲಿ ಕೆಲಸ ಮಾಡಿದವರು ಯಾವುದನ್ನು ಮೊದಲು ಬದಲಾಯಿಸಬೇಕು ಅಂತ ದಯವಿಟ್ಟು ಹೇಳಿ.