ವಯಸ್ಸಾದ ಅಪ್ಪ-ಅಮ್ಮ ಮತ್ತು ಮಕ್ಕಳೊಂದಿಗೆ ಟಸ್ಕನಿಯ ಬೆಟ್ಟದೂರುಗಳಲ್ಲಿ ಕಾರು ಪ್ರವಾಸ: ಎಲ್ಲಿ ತಂಗುವುದು, ಯಾವ ಊರನ್ನು ಬಿಡುವುದು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್ ಕೊನೆಯಲ್ಲಿ, ದ್ರಾಕ್ಷಿ ಕೊಯ್ಲಿನ ಹೊತ್ತಿಗೆ, ನಾವು ಇಟಲಿಯ ಟಸ್ಕನಿಗೆ ಹೋಗಬೇಕೆಂದಿದ್ದೇವೆ. ಜೊತೆಯಲ್ಲಿ ಅಪ್ಪ, ಮಂಡಿನೋವಿರುವ ಅಮ್ಮ ಮತ್ತು ಶಾಲೆಗೆ ಹೋಗುವ ಇಬ್ಬರು ಮಕ್ಕಳಿರುತ್ತಾರೆ. ಫ್ಲಾರೆನ್ಸ್‌ನಲ್ಲಿ ಬಾಡಿಗೆ ಕಾರು ಪಡೆದು ಸಾನ್ ಜಿಮಿನ್ಯಾನೊ, ಸಿಯೆನಾ, ಮೊಂಟಾಲ್ಚೀನೊ, ಪಿಯೆಂಜಾ ಮತ್ತು ಮೊಂಟೆಪುಲ್ಚಾನೊಗಳನ್ನು ಒಂದು ವಾರದಲ್ಲಿ ನೋಡಿ, ದಿನಕ್ಕೊಂದು ಊರಿನಲ್ಲಿ ತಂಗುವ ಆಲೋಚನೆಯಿದೆ. ಅಪ್ಪ-ಅಮ್ಮ ಶುದ್ಧ ಸಸ್ಯಾಹಾರಿಗಳು. ನನಗೂ ನನ್ನ ಪತ್ನಿಗೂ ಒಂದೆರಡು ವೈನರಿಗಳನ್ನು ನೋಡುವ ಆಸೆಯಿದೆ. ಈ ಯೋಜನೆ ಹಿರಿಯರಿಗೆ ಒಗ್ಗುತ್ತದೆಯೇ ಎಂದು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ 1

ದಯವಿಟ್ಟು ದಿನಕ್ಕೊಂದು ಊರಿನಲ್ಲಿ ತಂಗುವ ಆಲೋಚನೆಯನ್ನು ಕೈಬಿಡಿ. ಈ ಊರುಗಳೆಲ್ಲ ಕೋಟೆಗೋಡೆಯೊಳಗೆ, ಗುಡ್ಡದ ನೆತ್ತಿಯ ಮೇಲಿವೆ. ಕಾರನ್ನು ಗೋಡೆಯ ಹೊರಗೇ ನಿಲ್ಲಿಸಿ, ಕಲ್ಲುಹಾಸಿನ ಏರುದಾರಿಯಲ್ಲಿ ಪೆಟ್ಟಿಗೆಗಳನ್ನು ಎಳೆದುಕೊಂಡು ಹೋಗುವ ಕೆಲಸ ಪ್ರತಿದಿನವೂ ಬೀಳುತ್ತದೆ. ಅದರ ಬದಲು ಪಿಯೆಂಜಾ ಅಥವಾ ಸಾನ್ ಕ್ವೀರಿಕೊ ಸುತ್ತಮುತ್ತಲಿನ ಒಂದು ತೋಟದ ಮನೆಯಲ್ಲಿ ವಾರವಿಡೀ ಇರಿ. ಅಲ್ಲಿನವರು ಇಂಥ ತಂಗುದಾಣವನ್ನು ಅಗ್ರಿತುರಿಸ್ಮೊ ಎನ್ನುತ್ತಾರೆ; ಹಲವೆಡೆ ಅಡುಗೆಮನೆಯೂ ಇರುತ್ತದೆ. ಪಿಯೆಂಜಾದಿಂದ ಮೊಂಟೆಪುಲ್ಚಾನೊ ಸುಮಾರು 14 ಕಿ.ಮೀ. ದೂರದಲ್ಲಿದೆ, ಮೊಂಟಾಲ್ಚೀನೊ ಕೂಡ ಒಂದು ಗಂಟೆಯೊಳಗಿನ ದಾರಿ.

ತಾಯಿಯವರಿಗೆ ಹೇಳಿ ಮಾಡಿಸಿದ ಊರು ಪಿಯೆಂಜಾ. ಕೊರ್ಸಿನ್ಯಾನೊ ಎಂಬ ಹಳ್ಳಿಯಲ್ಲಿ ಹುಟ್ಟಿ ಪೋಪ್ ಆದ ಎರಡನೆಯ ಪಯಸ್, 1459ರಿಂದ ಆ ಹುಟ್ಟೂರನ್ನೇ ವಾಸ್ತುಶಿಲ್ಪಿ ಬೆರ್ನಾರ್ದೊ ರೊಸ್ಸೆಲ್ಲೀನೊ ಕೈಯಲ್ಲಿ ಹೊಸದಾಗಿ ಕಟ್ಟಿಸಿ ಅದಕ್ಕೆ ತನ್ನ ಹೆಸರನ್ನಿಟ್ಟ. ಮುಖ್ಯ ಬೀದಿ ಬಹುಮಟ್ಟಿಗೆ ಸಮತಟ್ಟಾಗಿದೆ. ಊರಗೋಡೆಯ ಪಕ್ಕದ ಕಾಲುದಾರಿಯಲ್ಲಿ ನಿಂತರೆ ಇಡೀ ವಾಲ್ ದೋರ್ಚಾ ಕಣಿವೆ ಮತ್ತು ಅದರಾಚೆಯ ಅಮಿಯಾತಾ ಬೆಟ್ಟ ಕಾಣುತ್ತವೆ. ಮೊಂಟೆಪುಲ್ಚಾನೊ ಹಾಗಲ್ಲ, ಅದರ ಮುಖ್ಯ ಬೀದಿ ಚೌಕದವರೆಗೂ ಏರುತ್ತಲೇ ಹೋಗುತ್ತದೆ. ಹಿರಿಯರನ್ನು ಊರಿನ ಚಿಕ್ಕ ಬಸ್ಸಿನಲ್ಲಿ ಮೇಲಕ್ಕೆ ಕರೆದೊಯ್ದು, ಇಳಿಯುವಾಗ ನಿಧಾನವಾಗಿ ನಡೆಸಿಕೊಂಡು ಬನ್ನಿ.

ಒಂದು ಮಧ್ಯಾಹ್ನವನ್ನು ಬಾನ್ಯೊ ವಿನ್ಯೋನಿಗೆ ಮೀಸಲಿಡಿ. ಅಲ್ಲಿ ಊರ ನಡುವೆ ಚೌಕದ ಬದಲು ಬಿಸಿನೀರಿನ ಬುಗ್ಗೆಯ ದೊಡ್ಡ ಕೊಳವಿದೆ. ಕೊಳಕ್ಕೆ ಇಳಿಯುವಂತಿಲ್ಲ, ಆದರೆ ಅದರ ನೀರು ಹಳೆಯ ಗಿರಣಿಗಳ ಕಡೆಗೆ ಹರಿಯುವ ಕಿರುಗಾಲುವೆಯ ಅಂಚಿನಲ್ಲಿ ಕುಳಿತು ಕಾಲು ಇಳಿಬಿಡಬಹುದು. ಅಜ್ಜಿಯೂ ಮೊಮ್ಮಕ್ಕಳೂ ಒಟ್ಟಿಗೆ ಕೂರಬಹುದಾದ ಇಂಥ ಜಾಗ ಈ ಸೀಮೆಯಲ್ಲಿ ಬೇರೆ ಸಿಗುವುದು ಕಷ್ಟ.

ಉತ್ತರ 2

ಮೇಲಿನವರ ಮಾತು ನನಗೂ ಒಪ್ಪಿಗೆ. ಚಾಲನೆಯ ಬಗ್ಗೆ ಕೆಲವು ಮಾತುಗಳನ್ನು ಸೇರಿಸುತ್ತೇನೆ. ಹೊರಡುವ ಮೊದಲೇ ನಿಮ್ಮ ಆರ್‌ಟಿಒದಲ್ಲಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಂಡು, ಮೂಲ ಲೈಸೆನ್ಸನ್ನೂ ಜೊತೆಗಿಟ್ಟುಕೊಳ್ಳಿ. ಹಳೆಯ ಊರುಗಳ ಒಳಭಾಗ ಝಡ್‌ಟಿಎಲ್, ಅಂದರೆ ವಾಹನ ಸಂಚಾರಕ್ಕೆ ನಿರ್ಬಂಧವಿರುವ ವಲಯವಾಗಿರುತ್ತದೆ. ಕೆಂಪು ವೃತ್ತದ ಫಲಕ ದಾಟಿ ಅನುಮತಿಯಿಲ್ಲದೆ ಒಳಹೊಕ್ಕರೆ ಕ್ಯಾಮೆರಾ ನಂಬರ್ ಪ್ಲೇಟನ್ನು ಹಿಡಿಯುತ್ತದೆ, ದಂಡದ ಪತ್ರ ಎಷ್ಟೋ ತಿಂಗಳ ಬಳಿಕ ಮನೆಗೆ ಬರುತ್ತದೆ. ಜಿಪಿಎಸ್ ಈ ವಲಯದ ಮೂಲಕವೇ ದಾರಿ ತೋರಿಸುವುದುಂಟು, ಫಲಕವನ್ನೇ ನಂಬಿ. ಬಿಳಿ ಗೆರೆಯ ಪಾರ್ಕಿಂಗ್ ಸಾಮಾನ್ಯವಾಗಿ ಉಚಿತ, ನೀಲಿಗೆ ಹಣ ಕಟ್ಟಬೇಕು, ಹಳದಿ ಮೀಸಲು. 150 ಸೆಂ.ಮೀ.ಗಿಂತ ಕುಳ್ಳಗಿರುವ ಮಕ್ಕಳಿಗೆ ಅವರ ಅಳತೆಯ ಸೀಟು ಕಡ್ಡಾಯ. ಆಟೊಮ್ಯಾಟಿಕ್ ಕಾರು ಬೇಕಿದ್ದರೆ ಕಾಯ್ದಿರಿಸುವಾಗಲೇ ಕೇಳಿ.

ಸಿಯೆನಾವನ್ನು ಮಾತ್ರ ಬಿಡಬೇಡಿ. ಸಾಂತಾ ಕತೆರೀನಾ ಪಾರ್ಕಿಂಗ್‌ನಿಂದ ಎಸ್ಕಲೇಟರುಗಳು ಕ್ಯಾಥೆಡ್ರಲ್ ಹತ್ತಿರದವರೆಗೂ ಏರಿಸುತ್ತವೆ. ಬಿಡಲೇಬೇಕೆಂದರೆ ಸಾನ್ ಜಿಮಿನ್ಯಾನೊವನ್ನು ಬಿಡಿ. ಅದರ ಗೋಪುರಗಳು ನಿಜಕ್ಕೂ ಅಪೂರ್ವ, ಆದರೆ ಹಗಲಿನ ಜನಜಂಗುಳಿ ಹಿರಿಯರನ್ನು ಬಳಲಿಸುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ತುಂಬು ಮನಸ್ಸಿನ ಧನ್ಯವಾದಗಳು. ಪಿಯೆಂಜಾ ಬಳಿಯೇ ತಂಗುತ್ತೇವೆ. ಊಟ ಮತ್ತು ವೈನರಿಗಳ ಬಗ್ಗೆಯೂ ಯಾರಾದರೂ ತಿಳಿಸುವಿರಾ?

ಉತ್ತರ 3

ಸಸ್ಯಾಹಾರಿಗಳಿಗೆ ಇಲ್ಲಿ ಕೊರತೆಯಿಲ್ಲ, ಆದರೆ ಪ್ರತಿ ಸಲವೂ ಕೇಳಿಯೇ ಉಣ್ಣಬೇಕು. ಪೀಚಿ ಎಂಬ ದಪ್ಪ ಎಳೆಯ ಪಾಸ್ತಾವನ್ನು ಸಾಮಾನ್ಯವಾಗಿ ಮೊಟ್ಟೆಯಿಲ್ಲದೆ, ಹಿಟ್ಟು-ನೀರಿನಲ್ಲಿ ಕಲಸಿ ಕೈಯಲ್ಲೇ ಹೊಸೆಯುತ್ತಾರೆ. ಟೊಮೆಟೊ ಮತ್ತು ದೊಡ್ಡ ಬೆಳ್ಳುಳ್ಳಿಯ ಆಲ್ಯೋನೆ ಸಾಸ್‌ನೊಂದಿಗೆ ಅದು ಅಮ್ಮನವರಿಗೂ ರುಚಿಸೀತು. ಬಿಳಿ ಬೀನ್ಸ್ ಕಾಳು, ಸೊಪ್ಪು, ಬ್ರೆಡ್ ಹಾಕಿ ಬೇಯಿಸುವ ರಿಬೊಲ್ಲೀತಾಗೆ ಕೆಲವರು ಮಾಂಸದ ಸಾರು ಸೇರಿಸುತ್ತಾರೆ. ಪಿಯೆಂಜಾದ ಹೆಸರಾಂತ ಪೆಕೊರೀನೊ ಚೀಸ್‌ಗೆ ಸಾಮಾನ್ಯವಾಗಿ ಹಾಲನ್ನು ಒಡೆಸಲು ಪ್ರಾಣಿಮೂಲದ ರೆನೆಟ್ ಬಳಸುವುದರಿಂದ, ಸಸ್ಯಮೂಲದ್ದೇ ಬೇಕೆಂದು "ಕಾಲ್ಯೊ ವೆಜೆತಾಲೆ" ಎಂದು ಕೇಳಿ. ಹಲವು ಹೋಟೆಲುಗಳು ಸಂಜೆ ಏಳೂವರೆಯವರೆಗೆ ತೆರೆಯುವುದಿಲ್ಲ. ಮಕ್ಕಳಿಗೆ ಅದು ತಡವೆನಿಸಿದರೆ ತೋಟದ ಮನೆಯಲ್ಲೇ ಅಡುಗೆ ಮಾಡಿಕೊಳ್ಳಿ.

ವೈನರಿಗಳಿಗೆ ಮುಂಚಿತವಾಗಿ ಬರೆದು ಸಮಯ ಪಡೆಯಿರಿ. ಕೊಯ್ಲಿನ ದಿನಗಳಲ್ಲಿ ಎಲ್ಲರೂ ತೋಟದಲ್ಲಿರುತ್ತಾರೆ. ಮೊಂಟಾಲ್ಚೀನೊದ ಬ್ರುನೆಲ್ಲೊ ಎಂಬ ಕೆಂಪು ವೈನನ್ನು ಸಾಂಜೊವೇಸೆ ದ್ರಾಕ್ಷಿಯೊಂದರಿಂದಲೇ ಮಾಡಬೇಕು, ಕೊಯ್ಲಿನ ನಂತರದ ಐದನೆಯ ವರ್ಷದ ಜನವರಿಗೆ ಮುನ್ನ ಅದನ್ನು ಮಾರುವಂತಿಲ್ಲ. ನೀವು ನೋಡುವ ಕೊಯ್ಲಿನ ಬ್ರುನೆಲ್ಲೊ ಅಂಗಡಿಗೆ ಬರುವ ಹೊತ್ತಿಗೆ ನಿಮ್ಮ ಮಕ್ಕಳು ಎಷ್ಟೋ ಎತ್ತರಕ್ಕೆ ಬೆಳೆದಿರುತ್ತಾರೆ. ಚಾಲಕರಿಗೆ ರಕ್ತದಲ್ಲಿ ಮದ್ಯದ ಮಿತಿ ಲೀಟರಿಗೆ 0.5 ಗ್ರಾಂ; ಲೈಸೆನ್ಸ್ ಪಡೆದು ಮೂರು ವರ್ಷವಾಗದವರಿಗೆ ಸೊನ್ನೆ. ಆದ್ದರಿಂದ ರುಚಿ ನೋಡುವ ದಿನ ನಿಮ್ಮಿಬ್ಬರಲ್ಲಿ ಒಬ್ಬರು ಕುಡಿಯದೇ ಇರಿ, ಇಲ್ಲವೇ ಆ ದಿನಕ್ಕೆ ಚಾಲಕನಿರುವ ಕಾರನ್ನು ಗೊತ್ತುಮಾಡಿಕೊಳ್ಳಿ.