ಲಕ್ರಾಸ್ ಗೋಲ್‌ಕೀಪರ್: 8 ಮೀಟರ್ ಶಾಟ್‌ಗೆ ಕಣ್ಣು ಮುಚ್ಚಿಹೋಗುತ್ತದೆ

ಪ್ರಶ್ನೆ: ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ಓದುತ್ತಿದ್ದೇನೆ. ಕಾಲೇಜಿನ ಹುಡುಗಿಯರ ಲಕ್ರಾಸ್ (ತುದಿಯಲ್ಲಿ ಬಲೆ ಇರುವ ಕೋಲಿನಿಂದ ಚೆಂಡು ಹಿಡಿದು ಎಸೆಯುವ ಆಟ) ಕ್ಲಬ್ ಟೀಮಿಗೆ ಗೋಲ್‌ಕೀಪರ್ ಸಿಗಲಿಲ್ಲ ಅಂತ ನನ್ನನ್ನೇ ನಿಲ್ಲಿಸಿದ್ದಾರೆ. ಫ್ರೀ ಪೊಸಿಷನ್ ಶಾಟ್ (ನಮ್ಮವರು ಫೌಲ್ ಮಾಡಿದಾಗ ಎದುರಾಳಿಗೆ 8 ಮೀಟರ್ ಗೆರೆಯಿಂದ ಸಿಗುವ ಶಾಟ್) ಬಂದರೆ ಕಣ್ಣು ತಾನಾಗೇ ಮುಚ್ಚುತ್ತದೆ. ಏನು ಮಾಡಲಿ?

ಉತ್ತರ 1: ಶುರುವಿನಲ್ಲಿ ನನಗೂ ಹಾಗೇ ಕಣಮ್ಮಾ. ಶಾಟ್ ಹೊಡೆಯುವವಳ ಮುಖ ನೋಡಬೇಡ, ಅವಳ ಸ್ಟಿಕ್ಕಿನ ತಲೆ (ಬಲೆ ಇರುವ ತುದಿ) ನೋಡು. ಚೆಂಡು ಹೊರಡುವುದು ಅಲ್ಲಿಂದಲೇ ಅಲ್ವಾ? ಗೋಲು 6 ಅಡಿ ಅಗಲ, 6 ಅಡಿ ಎತ್ತರ. ಗೆರೆಗೆ ಅಂಟಿಕೊಂಡರೆ ನಾಲ್ಕೂ ಮೂಲೆ ಖಾಲಿ. ಒಂದು ಹೆಜ್ಜೆ ಮುಂದೆ ಬಾ, ಅವಳಿಗೆ ಜಾಗ ಕಮ್ಮಿಯಾಗುತ್ತದೆ.

ಪ್ರಶ್ನೆ ಕೇಳಿದವಳು: ತೊಡೆ ನೀಲಿಗಟ್ಟಿದೆ. ವಿಡಿಯೋ ಕಾಲ್‌ನಲ್ಲಿ ಅಮ್ಮನಿಗೆ ತೋರಿಸಿಲ್ಲ!

ಉತ್ತರ 2: ತೊಡೆಗೂ ಪ್ಯಾಡ್ ಹಾಕಿ, ಅದು ಗಟ್ಟಿ ರಬ್ಬರ್ ಚೆಂಡು. ಚೆಂಡು ಹಿಡಿದ ಮೇಲೆ ಗೋಲಿನ ಸುತ್ತಲಿನ ಸರ್ಕಲ್ ಒಳಗೆ ಅದನ್ನು ಇಟ್ಟುಕೊಳ್ಳಲು 10 ಸೆಕೆಂಡ್ ಮಾತ್ರ. ನನ್ನ ಕೇಳಿದರೆ, ತಡೆಯುವುದಕ್ಕಿಂತ ಆಮೇಲಿನ ಪಾಸೇ ಜಾಸ್ತಿ ಕಷ್ಟ.