ಬಿಲ್ಲು, ಎಟಿಎಂ ಚೀಟಿ ಕಡಿಮೆ ಮಾಡಿದವರು ಹೇಗೆ ಮಾಡಿದ್ರಿ?

ಕೇಳಿದವರು, ಮೈಸೂರು: ದಿನಸಿ ಬಿಲ್ಲು, ಕಾರ್ಡ್ ಚೀಟಿ, ಎಟಿಎಂ ಚೀಟಿ. ಪರ್ಸ್ ತುಂಬಾ ಇವೇ. ಕಡಿಮೆ ಮಾಡೋಕೆ ದಾರಿ ಇದೆಯಾ? ಇರೋದನ್ನು ರದ್ದಿಗೆ ಹಾಕಬಹುದಾ?

ಸೂಪರ್ ಮಾರ್ಕೆಟ್ ಕೌಂಟರಿನಲ್ಲಿ ಕೂರುವವಳು: ಚೀಟಿ ಹರಿದು ಕೊಟ್ಟ ಮೇಲೆ "ಬೇಡಮ್ಮ, ನೀವೇ ಇಟ್ಕೊಳ್ಳಿ" ಅನ್ನುವವರೇ ಜಾಸ್ತಿ. ಅದು ನನ್ನ ಕಾಲ ಹತ್ತಿರದ ಡಬ್ಬಕ್ಕೆ ಬೀಳುತ್ತದೆ, ಅಷ್ಟೇ. ಕಾರ್ಡ್ ಕೊಡುವಾಗಲೇ ಹೇಳಿಬಿಡಿ. ಹೆಚ್ಚಿನ ಮೆಷಿನ್‌ಗಳು ಮೊದಲು ಅಂಗಡಿಯ ಕಾಪಿ ಮುದ್ರಿಸಿ ನಿಲ್ಲುತ್ತವೆ. ಗುಂಡಿ ಒತ್ತಿದರೆ ಮಾತ್ರ ನಿಮ್ಮದು ಬರುತ್ತದೆ. ನಾವು ಅಭ್ಯಾಸಬಲದಿಂದ ಒತ್ತಿರುತ್ತೇವೆ. ಬಿಲ್ಲನ್ನು ಮೊಬೈಲಿಗೆ ಕಳಿಸುವ ಅಂಗಡಿಗಳಿವೆ, ಆದರೆ ನಂಬರ್ ಕೊಡಲೇಬೇಕು ಅಂತೇನಿಲ್ಲ. ನಂಬರಿಗೆ ಒತ್ತಾಯ ಮಾಡಬೇಡಿ ಅಂತ 2023ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯೇ ಅಂಗಡಿಯವರಿಗೆ ಹೇಳಿದೆ.

ಶಿವಮೊಗ್ಗದಿಂದ: ರದ್ದಿಗೆ ಬೇಡ. ಚೀಟಿಯನ್ನು ಉಗುರಿನಿಂದ ಜೋರಾಗಿ ಗೀರಿ ನೋಡಿ. ಕಪ್ಪು ಗೆರೆ ಎದ್ದರೆ ಅದು ಥರ್ಮಲ್ ಕಾಗದ. ಅದಕ್ಕೆ ಇಂಕೇ ಬೇಡ, ಬಿಸಿ ತಾಗಿದರೆ ಕಪ್ಪಾಗುವ ಲೇಪ ಇರುತ್ತದೆ. ಆ ಲೇಪದಲ್ಲಿ ಎಷ್ಟೋ ಸಲ ದೇಹದ ಹಾರ್ಮೋನುಗಳನ್ನು ಏರುಪೇರು ಮಾಡಬಲ್ಲ ಬಿಸ್ಫಿನಾಲ್ ಎ ಅನ್ನುವ ರಾಸಾಯನಿಕ ಇಲ್ಲವೇ ಅದರ ತಮ್ಮ ಬಿಸ್ಫಿನಾಲ್ ಎಸ್ ಇರುತ್ತದೆ. ರದ್ದಿ ಜೊತೆ ಸೇರಿದರೆ ಅದರಿಂದ ಮಾಡುವ ಹೊಸ ಕಾಗದಕ್ಕೂ ಹೋಗುತ್ತದೆ. ಯುರೋಪಿನಲ್ಲಿ ಇಂಥ ಕಾಗದದಲ್ಲಿ ಬಿಸ್ಫಿನಾಲ್ ಎಗೆ 2020ರಿಂದ ಕಟ್ಟುನಿಟ್ಟಿನ ಮಿತಿ ಇದೆ. ಸ್ಯಾನಿಟೈಸರ್ ಹಚ್ಚಿದ ಕೈಯಲ್ಲಂತೂ ಚೀಟಿ ಹಿಡಿಯಬೇಡಿ, ಚರ್ಮ ಇನ್ನೂ ಬೇಗ ಹೀರಿಕೊಳ್ಳುತ್ತದೆ.

ಹುಬ್ಬಳ್ಳಿಯಿಂದ, ಬ್ಯಾಂಕಿನಲ್ಲಿದ್ದವರು: ಎಟಿಎಂನಲ್ಲಿ ದುಡ್ಡು ತೆಗೆಯಲು ಚೀಟಿ ಬೇಡವೇ ಬೇಡ, ಎಸ್ಸೆಮ್ಮೆಸ್ ಸಾಕು. ದುಡ್ಡು ಬಾರದೆ ಖಾತೆಯಿಂದ ಕಡಿತವಾದರೂ ಅಷ್ಟೇ. ಎಟಿಎಂ ಎಲ್ಲಿಯದು, ಎಷ್ಟು ಗಂಟೆಗೆ ಅಂತ ತಿಳಿಸಿ ದೂರು ಕೊಡಿ. 2019ರ ರಿಸರ್ವ್ ಬ್ಯಾಂಕ್ ನಿಯಮದಂತೆ ಬ್ಯಾಂಕು 5 ದಿನದೊಳಗೆ ವಾಪಸ್ ಹಾಕಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಸೇರಿಸಿ. ಆದರೆ ಮೆಷಿನ್ನಿಗೆ ದುಡ್ಡು ಹಾಕುವಾಗ ಚೀಟಿ ತಗೊಳ್ಳಿ. ನೋಟು ಒಳಗೆ ಸಿಕ್ಕಿಕೊಂಡರೆ ಕೈಯಲ್ಲಿ ಏನಾದರೂ ಇರಬೇಕಲ್ವಾ? ಲೆಕ್ಕ ಕೂಡುವವರೆಗೆ ಇಟ್ಟುಕೊಂಡರಾಯ್ತು.

ಮಂಗಳೂರಿನಿಂದ: ಒಂದು ಮಾತು ಸೇರಿಸ್ತೀನಿ. ಮಿಕ್ಸಿ, ಫ್ಯಾನ್, ಮೊಬೈಲ್ ಬಿಲ್ಲು ಬೇಡ ಅನ್ನಬೇಡಿ, ವಾರಂಟಿಗೆ ಬೇಕು. ಅದೂ ಥರ್ಮಲ್ ಆದರೆ ಅಂಗಡಿಯಲ್ಲೇ ಫೋಟೋ ತೆಗೆಯಿರಿ. ವಾರಂಟಿ ಮುಗಿಯುವ ಮೊದಲೇ ಅಕ್ಷರ ಮಾಸಿ ಹೋಗಬಹುದು, ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟರೆ ಇನ್ನೂ ಬೇಗ.

ಕೇಳಿದವರು: ಪರ್ಸಿನ ಚೀಟಿಗಳನ್ನು ಗೀರಿ ನೋಡಿದೆ, ಎಲ್ಲವೂ ಥರ್ಮಲ್ಲೇ! ಒಂದು ಬಿಟ್ಟು. ಅದು ಡ್ರೈ ಕ್ಲೀನಿಂಗ್ ಅಂಗಡಿಯದು, ಪೆನ್ನಿನಲ್ಲಿ ಬರೆದದ್ದು.